ಚದುರಂಗದ ಗ್ರಾಂಡ್‌ಮಾಸ್ಟರ್: ಹುಟ್ಟುಗುಣವೆ, ಸಾಧನೆಯ ಫಲವೆ?

ಚದುರಂಗವು ನಮ್ಮ ನಾಡಿಗೆ ಹೊಸ ಆಟವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ, ಅರಸನ ವಿನೋದಗಳನ್ನು ವರ್ಣಿಸುವ ಭಾಗದಲ್ಲಿ, ಈ ಆಟಕ್ಕೂ ಸ್ಥಾನ ದೊರೆತಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಹಲಗೆಯ ಆಟಗಳಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದರು. ಕುದುರೆಯೊಂದನ್ನು ಅರವತ್ತನಾಲ್ಕು ಮನೆಗಳ ಮೇಲೂ ಒಂದೊಂದೇ ಸಲ ನಿಲ್ಲಿಸುತ್ತ ಹಲಗೆಯನ್ನೆಲ್ಲ ಸುತ್ತಿಸುವ ಸಮಸ್ಯೆಯು ಅವರಿಗೆ ಬಹು ಪ್ರಿಯವಾದುದಾಗಿತ್ತು. ಅರಮನೆಯಲ್ಲಿ ಮಾತ್ರವಲ್ಲ, ಹಳ್ಳಿಯ ಜಗಲಿಗಳ ಮೇಲೂ ಆನೆ, ಕುದುರೆ, ಒಂಟೆ, ಮಂತ್ರಿಗಳ ಕಾಳಗವು ತಲೆತಲಾಂತರದಿಂದ ನಡೆದುಬಂದಿದೆ.

ಹೀಗಿದ್ದರೂ ಕರ್ನಾಟಕದ ಆಟಗಾರನೊಬ್ಬನು ಚದುರಂಗದ ಅತ್ಯುನ್ನತ ಪದವಿಯಾದ 'ಗ್ರಾಂಡ್‌ಮಾಸ್ಟರ್' ಎಂಬ ಬಿರುದನ್ನು ಪಡೆದುದು ೨೦೧೭ರಲ್ಲಿ ಮಾತ್ರ. ಆ ವರ್ಷ ಮೈಸೂರಿನ ಎಂ. ಎಸ್. ತೇಜ್‌ಕುಮಾರ್ ಅವರು ಭಾರತದ ೫೦ನೆಯ ಹಾಗೂ ಕರ್ನಾಟಕದ ಮೊದಲನೆಯ ಗ್ರಾಂಡ್‌ಮಾಸ್ಟರ್ ಆದರು. ಭಾರತದ ಮೊದಲನೆಯ ಗ್ರಾಂಡ್‌ಮಾಸ್ಟರ್ ಆದ ವಿಶ್ವನಾಥನ್ ಆನಂದ್ ಅವರಿಗೆ ಆ ಬಿರುದು ಸಂದುದು ೧೯೮೮ರಲ್ಲಿ. ನೆರೆಯ ಚೆನ್ನೈಗೂ ನಮ್ಮ ಮೈಸೂರಿಗೂ ರೈಲಿನಲ್ಲಿ ಒಂದು ಹಗಲಿನ ಪ್ರಯಾಣ. ಆದರೆ ಚದುರಂಗದ ಲೆಕ್ಕದಲ್ಲಿ ಆ ದೂರವನ್ನು ಕ್ರಮಿಸಲು ಇಪ್ಪತ್ತೊಂಬತ್ತು ವರ್ಷಗಳು ಬೇಕಾದುವು!

ಇದಕ್ಕೆ ಕಾರಣವೇನು? ಬುದ್ಧಿಯ ಕೊರತೆಯೆ? ಅಭ್ಯಾಸದ ಕೊರತೆಯೆ? ಅಥವಾ ಇವೆರಡೂ ಅಲ್ಲದ ಮೂರನೆಯ ಕಾರಣವೊಂದುಂಟೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಆನಂದರ ಜೀವನವನ್ನು ನೋಡಬೇಕು. ಅದರೊಡನೆ, ಮನಸ್ಸು ಚದುರಂಗವನ್ನು ಹೇಗೆ ಆಡುತ್ತದೆಂಬ ವಿಷಯದಲ್ಲಿ ವಿಜ್ಞಾನಿಗಳು ಕಂಡುಕೊಂಡುದನ್ನೂ ತಿಳಿಯಬೇಕು.

ಹಲಗೆಯ ಮೇಲಿನ ಕಾಡು

ಮೊದಲು ಆಟದ ವಿಸ್ತಾರವನ್ನು ಗಮನಿಸೋಣ. ಬಿಳಿಯ ಪಕ್ಷದವನು ತನ್ನ ಮೊದಲ ನಡೆಯನ್ನು ೨೦ ರೀತಿಗಳಲ್ಲಿ ನಡೆಯಿಸಬಹುದು: ಎಂಟು ಕಾಲಾಳುಗಳಲ್ಲಿ ಒಂದೊಂದಕ್ಕೂ ಎರಡೆರಡು ನಡೆಗಳಂತೆ ೧೬, ಎರಡು ಕುದುರೆಗಳಿಗೆ ಎರಡೆರಡರಂತೆ ೪. ಕರಿಯ ಪಕ್ಷದವನಿಗೂ ಅಷ್ಟೇ ದಾರಿಗಳಿರುವುದರಿಂದ, ಇಬ್ಬರೂ ಒಂದೊಂದು ನಡೆಯನ್ನು ಮುಗಿಸುವಷ್ಟರಲ್ಲಿ ೪೦೦ ಬಗೆಗಳಾಗುವುವು. ಬಿಳಿಯವನ ಎರಡನೆಯ ನಡೆಯಾದೊಡನೆ ಈ ಸಂಖ್ಯೆಯು ೮,೯೦೨ಕ್ಕೂ, ಕರಿಯವನ ಎರಡನೆಯ ನಡೆಯಾದೊಡನೆ ೧,೯೭,೨೮೧ಕ್ಕೂ ಏರುವುದು. ಅಮೆರಿಕದ ಗಣಿತಜ್ಞ ಕ್ಲಾಡ್ ಷಾನನ್ ೧೯೫೦ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಸಾಮಾನ್ಯ ಉದ್ದದ ಆಟಗಳ ಒಟ್ಟು ಬಗೆಗಳನ್ನು ಬರೆಯಲು ೧ರ ಮುಂದೆ ೧೨೦ ಸೊನ್ನೆಗಳನ್ನು ಹಾಕಬೇಕಾಗುವುದು. ನಮಗೆ ಕಾಣುವ ವಿಶ್ವದಲ್ಲಿರುವ ಪರಮಾಣುಗಳ ಸಂಖ್ಯೆಗೆ ೧ರ ಮುಂದೆ ಸುಮಾರು ೮೦ ಸೊನ್ನೆಗಳು ಸಾಕು!

ಆದುದರಿಂದ ಎಲ್ಲ ನಡೆಗಳನ್ನೂ ಮುಂದಾಗಿಯೇ ಎಣಿಸಿ ಆಡುವುದು ಯಾವ ಮನುಷ್ಯನಿಗೂ ಸಾಧ್ಯವಿಲ್ಲ. ಆದರೂ ಉತ್ತಮ ಆಟಗಾರನು ಒಳ್ಳೆಯ ನಡೆಯನ್ನು ಕೆಲವೇ ಕ್ಷಣಗಳಲ್ಲಿ ಕಾಣುತ್ತಾನೆ. ಆ ಕಾಣ್ಕೆಯು ಎಲ್ಲಿಂದ ಬರುತ್ತದೆ?

ತಾಯಿ ಕಲಿಸಿದ ಆಟ

ಆನಂದರು ೧೯೬೯ರ ಡಿಸೆಂಬರ್ ೧೧ರಂದು ತಮಿಳುನಾಡಿನ ಮಯಿಲಾಡುತುರೈಯಲ್ಲಿ ಜನಿಸಿದರು. ತಂದೆ ರೈಲ್ವೆ ಇಲಾಖೆಯ ಅಧಿಕಾರಿ. ಆರನೆಯ ವಯಸ್ಸಿನಲ್ಲಿ ಅವರಿಗೆ ಕಾಯಿಗಳ ನಡೆಯನ್ನು ಕಲಿಸಿದವರು ತಾಯಿ ಸುಶೀಲಾ. ಅನಂತರ ಬಾಲಕನು ಚೆನ್ನೈನ 'ತಾಲ್ ಚೆಸ್ ಕ್ಲಬ್' ಎಂಬ ಸಂಘವನ್ನು ಸೇರಿದನು. ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ನಡೆಯುತ್ತಿದ್ದ ಈ ಸಂಘದ ಬೆಳವಣಿಗೆಗೆ ಮ್ಯಾನ್ಯುಯೆಲ್ ಆರನ್ ಅವರು ದುಡಿದಿದ್ದರು. ಆರನ್ ಅವರು ೧೯೬೧ರಲ್ಲಿ 'ಇಂಟರ್‌ನ್ಯಾಷನಲ್ ಮಾಸ್ಟರ್' ಬಿರುದನ್ನು ಪಡೆದ ಮೊದಲ ಭಾರತೀಯರು. ಒಂಬತ್ತು ಸಲ ರಾಷ್ಟ್ರದ ವಿಜೇತರಾದವರು. ಸೋವಿಯತ್ ದೇಶದ ಚದುರಂಗ ಪುಸ್ತಕಗಳೂ ಪತ್ರಿಕೆಗಳೂ ಅಲ್ಲಿ ದೊರೆಯುತ್ತಿದ್ದುವು. ದಿನವೂ ಎದುರಾಳಿಗಳು ದೊರೆಯುತ್ತಿದ್ದರು.

ಕೆಲವು ಕಾಲದ ಮೇಲೆ ತಂದೆಗೆ ಫಿಲಿಪ್ಪೀನ್ಸ್ ದೇಶದ ರೈಲ್ವೆಯಲ್ಲಿ ಕೆಲಸವಾದುದರಿಂದ ಸಂಸಾರವು ಮನಿಲಾ ನಗರಕ್ಕೆ ಹೋಯಿತು. ಅಲ್ಲಿ ದೂರದರ್ಶನದಲ್ಲಿ ಪ್ರತಿದಿನವೂ ಚದುರಂಗದ ಕಾರ್ಯಕ್ರಮವೊಂದು ಬರುತ್ತಿತ್ತು. ಅದರ ಕೊನೆಗೆ ಒಂದು ಸಮಸ್ಯೆಯನ್ನು ಕೊಡುತ್ತಿದ್ದರು. ಕಾರ್ಯಕ್ರಮದ ಹೊತ್ತಿಗೆ ಬಾಲಕನು ಶಾಲೆಯಲ್ಲಿರುತ್ತಿದ್ದುದರಿಂದ, ತಾಯಿಯು ಆ ಸಮಸ್ಯೆಯನ್ನು ಬರೆದಿಟ್ಟುಕೊಳ್ಳುತ್ತಿದ್ದರು. ಸಂಜೆ ತಾಯಿ ಮಗ ಕೂಡಿ ಅದನ್ನು ಬಿಡಿಸುತ್ತಿದ್ದರು. ಸರಿಯುತ್ತರಕ್ಕೆ ಪುಸ್ತಕವೇ ಬಹುಮಾನ. ಈ ಬಾಲಕನು ಎಷ್ಟು ಬಹುಮಾನಗಳನ್ನು ಗೆದ್ದನೆಂದರೆ, ಕೊನೆಗೆ ಕಾರ್ಯಕ್ರಮದವರು, "ಬೇಕಾದಷ್ಟು ಪುಸ್ತಕಗಳನ್ನು ತೆಗೆದುಕೊಂಡು ಹೋಗು, ಇನ್ನು ಮುಂದೆ ಉತ್ತರವನ್ನು ಕಳುಹಿಸಬೇಡ" ಎಂಬ ಅರ್ಥದ ಮಾತನ್ನು ಹೇಳಿದರೆಂದು ಆನಂದರೇ ವಿನೋದವಾಗಿ ನೆನೆಸಿಕೊಂಡಿದ್ದಾರೆ.

ಭಾರತಕ್ಕೆ ಮರಳಿದ ಮೇಲೆ ಅವರ ಏಳಿಗೆಯು ಬಹು ವೇಗವಾಯಿತು. ೧೯೮೩ರ ರಾಷ್ಟ್ರೀಯ ಸಬ್ ಜೂನಿಯರ್ ಪಂದ್ಯಾವಳಿಯಲ್ಲಿ ಒಂಬತ್ತಕ್ಕೆ ಒಂಬತ್ತು ಆಟಗಳನ್ನೂ ಗೆದ್ದರು. ಮರುವರ್ಷ ಇಂಟರ್‌ನ್ಯಾಷನಲ್ ಮಾಸ್ಟರ್ ಆದರು. ಹದಿನಾರನೆಯ ವಯಸ್ಸಿನಲ್ಲಿ ರಾಷ್ಟ್ರದ ವಿಜೇತರಾದರು. ೧೯೮೭ರಲ್ಲಿ ಜೂನಿಯರ್ ವಿಶ್ವವಿಜೇತ ಪಟ್ಟವನ್ನು ಗೆದ್ದ ಮೊದಲ ಭಾರತೀಯರಾದರು. ಹದಿನೆಂಟನೆಯ ವಯಸ್ಸಿಗೆ ಗ್ರಾಂಡ್‌ಮಾಸ್ಟರ್! ಇದರ ನಡುವೆ ಕಾಲೇಜನ್ನೂ ಬಿಡಲಿಲ್ಲ. ಚೆನ್ನೈನ ಲೊಯೋಲಾ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರವನ್ನು ಓದಿ ಪದವಿಯನ್ನು ಪಡೆದರು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗುರುತಿಸಬೇಕು. ಬಾಲಕನ ಪ್ರತಿಭೆಯು ಅಸಾಧಾರಣವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಪ್ರತಿಭೆಗೆ ಮನೆಯಲ್ಲಿ ತಾಳ್ಮೆಯುಳ್ಳ ಗುರುವೂ, ಊರಿನಲ್ಲಿ ಪುಸ್ತಕಗಳೂ ಎದುರಾಳಿಗಳೂ ತುಂಬಿದ ಸಂಘವೂ ಸಕಾಲದಲ್ಲಿ ದೊರೆತುವು.

ಬಲವನ್ನು ಅಳೆಯುವ ಮಾನ

ಗ್ರಾಂಡ್‌ಮಾಸ್ಟರ್ ಎಂಬುದು ಒಂದು ಪಂದ್ಯವನ್ನು ಗೆದ್ದುದಕ್ಕೆ ಕೊಡುವ ಬಹುಮಾನವಲ್ಲ. ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ 'ಫಿಡೆ'ಯು ೧೯೫೦ರಲ್ಲಿ ಮೊದಲ ಬಾರಿಗೆ ೨೭ ಮಂದಿಗೆ ಈ ಬಿರುದನ್ನು ನೀಡಿತು. ಇಂದು ಇದನ್ನು ಪಡೆಯಲು ಮುಖ್ಯವಾಗಿ ಎರಡು ನಿಬಂಧನೆಗಳುಂಟು: ಮೊದಲನೆಯದು, ಆಟಗಾರನ 'ರೇಟಿಂಗ್' ಅಥವಾ ಅಂಕಮಾನವು ೨೫೦೦ನ್ನು ಮುಟ್ಟಬೇಕು, ಎರಡನೆಯದು, 'ನಾರ್ಮ್' ಎಂಬ ಸಾಧನೆಯನ್ನು ಸಾಮಾನ್ಯವಾಗಿ ಮೂರು ಸಲ ಮಾಡಿ ತೋರಿಸಬೇಕು.

ಅಂಕಮಾನದ ಕ್ರಮವನ್ನು ರೂಪಿಸಿದವರು ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಭೌತವಿಜ್ಞಾನದ ಪ್ರಾಧ್ಯಾಪಕ ಅರ್ಪಾದ್ ಎಲೊ. ಫಿಡೆಯು ೧೯೭೦ರಲ್ಲಿ ಇದನ್ನು ಅಂಗೀಕರಿಸಿತು. ಇದರ ತತ್ತ್ವವು ಸರಳವಾದುದು. ಇಬ್ಬರ ಅಂಕಮಾನವು ಸಮನಾಗಿದ್ದರೆ ಒಬ್ಬೊಬ್ಬನೂ ಆಟವೊಂದಕ್ಕೆ ಸರಾಸರಿ ಅರ್ಧ ಅಂಕವನ್ನು ಗಳಿಸಬೇಕೆಂದು ನಿರೀಕ್ಷೆ. ಅಂತರವು ೧೦೦ ಇದ್ದರೆ ಬಲಶಾಲಿಯಿಂದ ೦.೬೪, ೨೦೦ ಇದ್ದರೆ ೦.೭೬, ೪೦೦ ಇದ್ದರೆ ೦.೯೧ ಅಂಕವನ್ನು ನಿರೀಕ್ಷಿಸಲಾಗುತ್ತದೆ. ನಿರೀಕ್ಷೆಗಿಂತ ಹೆಚ್ಚು ಗಳಿಸಿದರೆ ಅಂಕಮಾನವು ಏರುವುದು. ಕಡಿಮೆ ಗಳಿಸಿದರೆ ಇಳಿಯುವುದು. ಆ ವ್ಯತ್ಯಾಸವನ್ನು ಒಂದು ಗುಣಕದಿಂದ ಗುಣಿಸುತ್ತಾರೆ. ಒಮ್ಮೆ ೨೪೦೦ನ್ನು ಮುಟ್ಟಿದವರಿಗೆ ಆ ಗುಣಕವು ೧೦.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ೨೪೦೦ ಅಂಕಮಾನದವನೊಬ್ಬನು ತನ್ನ ಊರಿನ ಪಂದ್ಯಾವಳಿಯಲ್ಲಿ ೨೨೦೦ರವನೊಡನೆ ಆಡುತ್ತಾನೆಂದು ಭಾವಿಸಿರಿ. ಗೆದ್ದರೆ (೧ – ೦.೭೬) × ೧೦, ಎಂದರೆ ೨.೪ ಅಂಕ ಲಾಭ. ಸೋತರೆ ೭.೬ ಅಂಕ ನಷ್ಟ. ಆಟವು ಸಮವಾಗಿ ಮುಗಿದರೂ ೨.೬ ಅಂಕ ನಷ್ಟವೇ! ಒಂದು ಸೋಲಿನ ನಷ್ಟವನ್ನು ತುಂಬಲು ಮೂರಕ್ಕೂ ಮಿಕ್ಕಿ ಗೆಲವುಗಳು ಬೇಕು. ತನಗಿಂತ ದುರ್ಬಲರ ನಡುವೆ ಆಡುತ್ತಿರುವ ಆಟಗಾರನು ಒಂದೇ ಕಡೆಯಲ್ಲಿ ಈಜುತ್ತಿರುವವನಂತೆ ಎಷ್ಟು ದುಡಿದರೂ ಮುಂದಕ್ಕೆ ಸಾಗುವುದು ಕಷ್ಟ.

ನಾರ್ಮ್ ಇನ್ನೂ ಕಠಿನವಾದುದು. ಸಾಮಾನ್ಯವಾಗಿ ಒಂಬತ್ತು ಆಟಗಳ ಪಂದ್ಯಾವಳಿಯೊಂದರಲ್ಲಿ ೨೬೦೦ರ ಮಟ್ಟದ ಆಟವನ್ನು ಆಡಿ ತೋರಿಸಬೇಕು. ಎದುರಾಳಿಗಳ ಸರಾಸರಿ ಅಂಕಮಾನವು ಕನಿಷ್ಠಪಕ್ಷ ೨೩೮೦ ಇರಬೇಕು. ಅಷ್ಟೇ ಇದ್ದರೆ ಒಂಬತ್ತಕ್ಕೆ ೭ ಅಂಕಗಳನ್ನೂ, ೨೪೭೫ ಇದ್ದರೆ ೬ ಅಂಕಗಳನ್ನೂ ಗಳಿಸಬೇಕು. ಎದುರಾಳಿಗಳಲ್ಲಿ ಮೂವರಾದರೂ ಗ್ರಾಂಡ್‌ಮಾಸ್ಟರ್‌ಗಳಿರಬೇಕು. ಸಾಧಾರಣವಾಗಿ ಪರದೇಶದವರೂ ಇರಬೇಕು.

ಈ ನಿಯಮಗಳ ಪರಿಣಾಮವನ್ನು ವಿಚಾರಮಾಡಿರಿ. ಗ್ರಾಂಡ್‌ಮಾಸ್ಟರ್ ಆಗಬೇಕಾದರೆ ಗ್ರಾಂಡ್‌ಮಾಸ್ಟರ್‌ಗಳೊಡನೆಯೇ ಆಡಬೇಕು. ಅವರು ಇಲ್ಲದ ಊರಿನವನು ಅವರಿರುವ ಊರಿಗೆ, ದೇಶಕ್ಕೆ, ತನ್ನ ಖರ್ಚಿನಿಂದ ಹೋಗಬೇಕು. ಹೋಗಿಯೂ ಅರ್ಧ ಅಂಕದಿಂದ ನಾರ್ಮ್ ತಪ್ಪಿದರೆ ಬರಿಗೈಯಿಂದ ಹಿಂದಿರುಗಬೇಕು. ಎಲ್ಲಿ ಒಬ್ಬರಿದ್ದಾರೆಯೋ ಅಲ್ಲಿ ಎರಡನೆಯವರು ಏಳುವುದು ಸುಲಭ. ಯಾರೂ ಇಲ್ಲದಲ್ಲಿ ಮೊದಲನೆಯವನ ಪಾಡು ಬಲು ಕಷ್ಟ. ನಾವು ಕೇಳಿದ ಪ್ರಶ್ನೆಗೆ ಉತ್ತರದ ಒಂದು ಭಾಗವು ಇಲ್ಲಿದೆ.

ಕಣ್ಣು ಕಾಣುವುದೇನು?

ಉತ್ತರದ ಇನ್ನೊಂದು ಭಾಗಕ್ಕಾಗಿ ಮನಶ್ಶಾಸ್ತ್ರಜ್ಞರ ಬಳಿಗೆ ಹೋಗಬೇಕು. ಹಾಲೆಂಡಿನ ಅಡ್ರಿಯಾನ್ ಡಿ ಗ್ರೂಟ್, ಸ್ವತಃ ಒಳ್ಳೆಯ ಚದುರಂಗಪಟು, ಶ್ರೇಷ್ಠ ಆಟಗಾರರಿಗೂ ಸಾಧಾರಣ ಆಟಗಾರರಿಗೂ ಒಂದೇ ಸನ್ನಿವೇಶವನ್ನು ಕೊಟ್ಟು, ಅವರು ಯೋಚಿಸುವುದನ್ನೆಲ್ಲ ಗಟ್ಟಿಯಾಗಿ ಹೇಳುವಂತೆ ಕೇಳಿ ಬರೆದುಕೊಂಡನು. ಗ್ರಾಂಡ್‌ಮಾಸ್ಟರ್‌ಗಳು ಉಳಿದವರಿಗಿಂತ ಎಷ್ಟೋ ಪಾಲು ಹೆಚ್ಚು ನಡೆಗಳನ್ನು ಎಣಿಸುತ್ತಿರಬಹುದೆಂದು ಎಲ್ಲರ ಎಣಿಕೆ. ೧೯೪೬ರಲ್ಲಿ ಪ್ರಕಟವಾದ ಅವನ ಗ್ರಂಥವು ತೋರಿಸಿದುದೇ ಬೇರೆ: ಎಣಿಸುವ ನಡೆಗಳ ಸಂಖ್ಯೆಯಲ್ಲಿ ಅಂತಹ ದೊಡ್ಡ ವ್ಯತ್ಯಾಸವಿರಲಿಲ್ಲ. ಆದರೆ ಶ್ರೇಷ್ಠರು ಮೊದಲ ನೋಟದಲ್ಲಿಯೇ ಒಳ್ಳೆಯ ನಡೆಗಳ ಕಡೆಗೆ ತಿರುಗುತ್ತಿದ್ದರು. ಕೆಟ್ಟ ನಡೆಗಳು ಅವರ ಕಣ್ಣಿಗೇ ಬೀಳುತ್ತಿರಲಿಲ್ಲ.

೧೯೭೩ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಈ ವಿಚಾರವನ್ನು ಮುಂದುವರಿಸಿದರು. ನಿಜವಾದ ಆಟದಿಂದ ತೆಗೆದ, ಸುಮಾರು ಇಪ್ಪತ್ತೈದು ಕಾಯಿಗಳಿರುವ ಹಲಗೆಯನ್ನು ಐದು ಸೆಕೆಂಡುಗಳ ಕಾಲ ತೋರಿಸಿ ಮರೆಮಾಡಿದರು. ಕಂಡುದನ್ನು ಬೇರೊಂದು ಹಲಗೆಯ ಮೇಲೆ ಜೋಡಿಸಲು ಹೇಳಿದರು. ಪಟುವಾದ ಆಟಗಾರನು ಸುಮಾರು ಹದಿನಾರು ಕಾಯಿಗಳನ್ನು ಸರಿಯಾಗಿ ಇಟ್ಟನು. ಹೊಸಬನು ನಾಲ್ಕನ್ನು ಮಾತ್ರ. ಪಟುವಿಗೆ ಅದ್ಭುತವಾದ ಜ್ಞಾಪಕಶಕ್ತಿಯಿದೆಯೆಂದು ಹೇಳಿಬಿಡಬಹುದಲ್ಲವೆ? ಆದರೆ ಅದೇ ಕಾಯಿಗಳನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿ ತೋರಿಸಿದಾಗ ಪಟುವಿನ ಮೇಲುಗೈಯು ಬಹುಮಟ್ಟಿಗೆ ಮಾಯವಾಯಿತು. ಅವನೂ ಹೊಸಬನಂತೆಯೇ ತಡವರಿಸಿದನು!

ಇದರ ಅರ್ಥವೇನು? ಪಟುವು ಬಿಡಿಬಿಡಿಯಾದ ಕಾಯಿಗಳನ್ನು ನೋಡುವುದಿಲ್ಲ; ಪರಿಚಿತವಾದ ಗುಂಪುಗಳನ್ನು ನೋಡುತ್ತಾನೆ. 'ಕಮಲ' ಎಂಬ ಶಬ್ದವನ್ನು ಓದುವಾಗ ನೀವು ಮೂರು ಅಕ್ಷರಗಳನ್ನು ಕೂಡಿಸುತ್ತ ಕುಳಿತುಕೊಳ್ಳುವುದಿಲ್ಲ. ಒಂದೇ ನೋಟಕ್ಕೆ ಹೂವೇ ಮನಸ್ಸಿಗೆ ಬರುತ್ತದೆ. ಹಾಗೆಯೇ ಇದು. ಉತ್ತರ ಕನ್ನಡದ ಸೂಪಾ ಸೀಮೆಯ ಕಾಡನ್ನು ನೆನೆಯಿರಿ. ಅಲ್ಲಿಗೆ ಹೊಸದಾಗಿ ಹೋದವನಿಗೆ ಎಲ್ಲ ಮರಗಳೂ ಒಂದೇ. ಹತ್ತು ಮಾರು ನಡೆದರೆ ದಾರಿ ತಪ್ಪುವುದು. ಅಲ್ಲಿಯೇ ಬಾಳುವ ಕುಣಬಿ ರೈತನು ಮರಗಳನ್ನು ಒಂದೊಂದಾಗಿ ಪರೀಕ್ಷಿಸುವುದಿಲ್ಲ. ಹಳ್ಳದ ತಿರುವು, ಬೆಟ್ಟದ ಓರೆ, ಹಳೆಯ ಮರದ ಬುಡ ಇವುಗಳ ಗುರುತಿನಿಂದ ಮನೆಗೆ ಮರಳುತ್ತಾನೆ. ಅವನ ಕಣ್ಣುಗಳು ನಮ್ಮ ಕಣ್ಣುಗಳಿಗಿಂತ ಬೇರೆಯಲ್ಲ. ಕಾಡಿನೊಡನೆ ಅವನಿಗಿರುವ ಬಳಕೆ ಬೇರೆ. ಗ್ರಾಂಡ್‌ಮಾಸ್ಟರ್‌ನ ಮನಸ್ಸಿನಲ್ಲಿ ಇಂತಹ ಹತ್ತಾರು ಸಾವಿರ ಗುರುತುಗಳು ಸಂಗ್ರಹವಾಗಿರುತ್ತವೆಂದು ಸೈಮನ್ನನ ಅಂದಾಜು.

ಈ ಸಂಗ್ರಹವು ಒಂದು ದಿನದಲ್ಲಿ ಆಗುವಂತಹುದಲ್ಲ. ಕಾಳೀ ನದಿಗೆ ಸೂಪಾದಲ್ಲಿ ೧೦೧ ಮೀಟರ್ ಎತ್ತರದ ಅಣೆಕಟ್ಟನ್ನು ಕಟ್ಟಿ ಮಳೆಗಾಲದ ನೀರನ್ನು ಹಿಡಿದಿಟ್ಟಿದ್ದಾರೆ. ಆ ನೀರೇ ಬೇಸಗೆಯಲ್ಲಿಯೂ ಹರಿದು ನಾಗಝರಿಯ ವಿದ್ಯುದಾಗಾರವನ್ನು ನಡೆಸುತ್ತದೆ. ಪಂದ್ಯದ ದಿನ ಗ್ರಾಂಡ್‌ಮಾಸ್ಟರ್‌ನು ಮಿಂಚಿನ ವೇಗದಿಂದ ಆಡುವ ನಡೆಯೂ ಅಂತಹುದೇ: ಅದರ ಹಿಂದೆ ವರ್ಷಗಟ್ಟಲೆ ಹನಿಹನಿಯಾಗಿ ತುಂಬಿದ ಜಲಾಶಯವಿದೆ.

ಹಾಗಾದರೆ ದುಡಿದವರೆಲ್ಲರೂ ಗ್ರಾಂಡ್‌ಮಾಸ್ಟರ್ ಆಗುವರೆ? ಇಲ್ಲ. ಅರ್ಜೆಂಟೀನದ ಆಟಗಾರರನ್ನು ಕುರಿತು ಗೋಬೆ ಮತ್ತು ಕಾಂಪಿಟೆಲ್ಲಿ ಎಂಬ ಇಬ್ಬರು ವಿದ್ವಾಂಸರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವು ಎಚ್ಚರಿಕೆಯ ಮಾತನ್ನು ಹೇಳುತ್ತದೆ. 'ಮಾಸ್ಟರ್' ಮಟ್ಟವನ್ನು ಮುಟ್ಟಲು ಒಬ್ಬನಿಗೆ ಸುಮಾರು ೩,೦೦೦ ಗಂಟೆಗಳ ಅಭ್ಯಾಸವು ಸಾಕಾದರೆ, ಇನ್ನೊಬ್ಬನಿಗೆ ೨೩,೦೦೦ ಗಂಟೆಗಳಿಗೂ ಹೆಚ್ಚು ಬೇಕಾಯಿತು. ಎಳೆಯ ವಯಸ್ಸಿನಲ್ಲಿ ಆರಂಭಿಸಿದವರಿಗೆ ಹೆಚ್ಚಿನ ಅನುಕೂಲವೂ ಕಂಡುಬಂದಿತು. ಅಭ್ಯಾಸವಿಲ್ಲದೆ ಯಾರೂ ಮೇಲೇರಲಿಲ್ಲ. ಆದರೆ ಅಭ್ಯಾಸವೊಂದೇ ಎಲ್ಲರನ್ನೂ ಸಮನಾಗಿ ಏರಿಸಲಿಲ್ಲ. ಹುಟ್ಟುಗುಣವೋ ಸಾಧನೆಯೋ ಎಂಬ ಪ್ರಶ್ನೆಗೆ ವಿಜ್ಞಾನವು ಒಂದೇ ಮಾತಿನ ಉತ್ತರವನ್ನು ಕೊಡುವುದಿಲ್ಲ.

ಶಿಖರ ಮತ್ತು ಇಳಿಜಾರು

ಈಗ ಆನಂದರ ಕಡೆಗೆ ಮರಳೋಣ. ಗ್ರಾಂಡ್‌ಮಾಸ್ಟರ್ ಆದುದರಿಂದ ಅವರ ದಾರಿಯು ಮುಗಿಯಲಿಲ್ಲ. ೧೯೯೫ರಲ್ಲಿ ನ್ಯೂಯಾರ್ಕ್ ನಗರದ ವಿಶ್ವ ವಾಣಿಜ್ಯ ಕೇಂದ್ರದ ೧೦೭ನೆಯ ಅಂತಸ್ತಿನಲ್ಲಿ ಅವರು ಗ್ಯಾರಿ ಕಾಸ್ಪರೋವ್‌ನನ್ನು ಎದುರಿಸಿದರು. ಮೊದಲ ಎಂಟು ಆಟಗಳು ಸಮವಾಗಿ ಮುಗಿದುವು. ಒಂಬತ್ತನೆಯದನ್ನು ಆನಂದರು ಗೆದ್ದರು. ಆದರೆ ಹತ್ತನೆಯ ಆಟದಲ್ಲಿ ಕಾಸ್ಪರೋವ್‌ನು ಮನೆಯಲ್ಲಿಯೇ ಸಿದ್ಧಪಡಿಸಿಕೊಂಡು ಬಂದಿದ್ದ ಆನೆಯ ಬಲಿದಾನವೊಂದನ್ನು ಹಲಗೆಯ ಮೇಲಿಟ್ಟನು. ಅಲ್ಲಿಂದ ಐದು ಆಟಗಳಲ್ಲಿ ನಾಲ್ಕನ್ನು ಸೋತು ಆನಂದರು ೭.೫–೧೦.೫ರಿಂದ ಪರಾಭವಗೊಂಡರು. ವಿಶ್ವವಿಜೇತನಾಗಲು ಹಲಗೆಯ ಮುಂದಿನ ಬುದ್ಧಿಯೊಂದೇ ಸಾಲದು, ಮನೆಯಲ್ಲಿ ಮಾಡಿದ ಸಿದ್ಧತೆಯೂ ಬೇಕೆಂಬುದು ಆ ಸೋಲಿನ ಪಾಠ.

ಆ ಪಾಠವನ್ನು ಅವರು ಚೆನ್ನಾಗಿ ಕಲಿತರು. ೨೦೦೦ದಲ್ಲಿ ಟೆಹರಾನಿನಲ್ಲಿ ಅಲೆಕ್ಸೈ ಶಿರೋವ್‌ನನ್ನು ಸೋಲಿಸಿ ಫಿಡೆಯ ವಿಶ್ವವಿಜೇತರಾದರು. ಆಗ ವಿಶ್ವಪಟ್ಟವು ಎರಡು ಹೋಳಾಗಿದ್ದುದರಿಂದ ಕೆಲವರು ಈ ಗೆಲವನ್ನು ಸಂಪೂರ್ಣವೆಂದು ಒಪ್ಪಲಿಲ್ಲ. ೨೦೦೭ರಲ್ಲಿ ಮೆಕ್ಸಿಕೊ ನಗರದಲ್ಲಿ ಎಂಟು ಮಂದಿಯ ಪಂದ್ಯಾವಳಿಯನ್ನು ಒಂದೂ ಸೋಲಿಲ್ಲದೆ ಗೆದ್ದು ಆ ಮಾತಿಗೆ ಉತ್ತರವಿತ್ತರು. ೨೦೦೮ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ವ್ಲಾಡಿಮಿರ್ ಕ್ರಾಮ್ನಿಕ್‌ನೊಡನೆ ಆಡುವಾಗ ತಮ್ಮ ವಾಡಿಕೆಯ ಆರಂಭವನ್ನೇ ಬದಲಿಸಿ ಎದುರಾಳಿಯನ್ನು ಬೆರಗುಗೊಳಿಸಿದರು. ಕರಿಯ ಕಾಯಿಗಳಿಂದಲೇ ಎರಡು ಆಟಗಳನ್ನು ಗೆದ್ದರು. ಹಿಂದೆ ಕಾಸ್ಪರೋವ್‌ನು ತಮ್ಮ ಮೇಲೆ ಹೂಡಿದ್ದ ಅಸ್ತ್ರವು ಈಗ ಅವರ ಕೈಯಲ್ಲಿತ್ತು.

೨೦೧೦ರ ಕಥೆಯು ಇನ್ನೂ ಸ್ವಾರಸ್ಯವಾದುದು. ಬಲ್ಗೇರಿಯದ ಸೋಫಿಯಾ ನಗರದಲ್ಲಿ ವೆಸೆಲಿನ್ ಟೊಪಲೋವ್‌ನೊಡನೆ ಪಂದ್ಯ. ಅಷ್ಟರಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯೊಂದು ಬೂದಿಯನ್ನು ಉಗುಳಿ ಯೂರೋಪಿನ ವಿಮಾನಸಂಚಾರವೆಲ್ಲ ನಿಂತುಹೋಯಿತು. ಆನಂದರು ಫ್ರಾಂಕ್‌ಫರ್ಟ್‌ನಿಂದ ಸುಮಾರು ೪೦ ಗಂಟೆಗಳ ಕಾಲ ರಸ್ತೆಯ ಮೇಲೆ ಪ್ರಯಾಣಮಾಡಿ ಸೋಫಿಯಾವನ್ನು ಸೇರಿದರು. ಪಂದ್ಯವು ಒಂದು ದಿನ ಮಾತ್ರ ಮುಂದಕ್ಕೆ ಹೋಯಿತು. ಮೊದಲ ಆಟವನ್ನೇ ಸೋತರು. ಆದರೂ ಸಮಸಮವಾಗಿ ನಿಂತು, ಕಟ್ಟಕಡೆಯ ಹನ್ನೆರಡನೆಯ ಆಟವನ್ನು ಕರಿಯ ಕಾಯಿಗಳಿಂದ ಗೆದ್ದು ಪಟ್ಟವನ್ನು ಉಳಿಸಿಕೊಂಡರು. ೨೦೧೨ರಲ್ಲಿ ಮಾಸ್ಕೋದಲ್ಲಿ ಬೋರಿಸ್ ಗೆಲ್ಫಾಂಡ್‌ನನ್ನು ಸೋಲಿಸಿ ಐದನೆಯ ಸಲ ವಿಶ್ವವಿಜೇತರಾದರು. ನಡುವೆ ೨೦೧೧ರಲ್ಲಿ ಅವರ ಅಂಕಮಾನವು ೨೮೧೭ಕ್ಕೆ ಏರಿತ್ತು.

ಅನಂತರ ಇಳಿಜಾರು. ೨೦೧೩ರಲ್ಲಿ, ತಮ್ಮ ಚೆನ್ನೈ ನಗರದಲ್ಲಿಯೇ, ತಮಗಿಂತ ಇಪ್ಪತ್ತು ವರ್ಷ ಕಿರಿಯನಾದ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ನನಿಗೆ ಪಟ್ಟವನ್ನು ಒಪ್ಪಿಸಬೇಕಾಯಿತು. ಮರುವರ್ಷ ಮತ್ತೆ ಸವಾಲುಗಾರರಾಗಿ ಅವನ ಎದುರಿಗೆ ಕುಳಿತು ಮತ್ತೆ ಸೋತರು. ಇನ್ನು ಮುಗಿಯಿತೆಂದು ಅನೇಕರು ಭಾವಿಸಿದರು. ಆದರೆ ೨೦೧೭ರ ಕೊನೆಯಲ್ಲಿ, ೪೮ನೆಯ ವಯಸ್ಸಿನಲ್ಲಿ, ರಿಯಾದ್ ನಗರದಲ್ಲಿ ವೇಗದ ಆಟದ ವಿಶ್ವಪಟ್ಟವನ್ನು ಗೆದ್ದುಕೊಂಡರು. ವಯಸ್ಸಿನೊಡನೆ ಎಣಿಕೆಯ ವೇಗವು ಕುಗ್ಗಬಹುದು. ಆದರೆ ಮನಸ್ಸಿನ ಜಲಾಶಯವು ಬೇಗನೆ ಬತ್ತುವುದಿಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ಬೇಕೆ?

ಕನ್ನಡ ನಾಡಿನ ಮೊದಲಿಗರು

ಅದೇ ೨೦೧೭ರಲ್ಲಿ ತೇಜ್‌ಕುಮಾರರ ತಪಸ್ಸೂ ಫಲಿಸಿತು. ಅವರದು ಆನಂದರಂತೆ ಹದಿನೆಂಟನೆಯ ವಯಸ್ಸಿನ ವಿಜಯವಲ್ಲ. ಅನೇಕ ವರ್ಷಗಳ ಕಾಲ ಇಂಟರ್‌ನ್ಯಾಷನಲ್ ಮಾಸ್ಟರ್ ಆಗಿಯೇ ಇದ್ದು, ರೈಲ್ವೆಯಲ್ಲಿ ಉದ್ಯೋಗಮಾಡುತ್ತ, ಮೂವತ್ತನ್ನು ದಾಟಿದ ಮೇಲೆ ಅವರು ಆ ಕೊನೆಯ ಮೆಟ್ಟಲನ್ನು ಏರಿದರು. ಕರ್ನಾಟಕದಲ್ಲಿ ಅವರಿಗಿಂತ ಮುಂಚೆ ಆ ಮೆಟ್ಟಲನ್ನು ಏರಿದವರು ಯಾರೂ ಇರಲಿಲ್ಲ. ಗ್ರಾಂಡ್‌ಮಾಸ್ಟರ್‌ಗಳೊಡನೆ ಆಡಬೇಕೆಂಬ ನಿಯಮವನ್ನು ನೆನೆದರೆ, ಅವರ ತಾಳ್ಮೆಯ ಬೆಲೆಯು ನಮಗೆ ತಿಳಿಯುವುದು. ವರ್ಷಗಟ್ಟಲೆ ಒಂದೇ ಎತ್ತರದಲ್ಲಿ ನಿಂತವನಿಗೆ ಆಟವನ್ನು ಬಿಟ್ಟುಬಿಡುವುದು ಎಷ್ಟು ಸುಲಭ!

ಮುಂದೆ ನಡೆದುದನ್ನು ನೋಡಿರಿ. ೨೦೧೮ರಲ್ಲಿ ಜಿ. ಎ. ಸ್ಟ್ಯಾನಿ, ೨೦೧೯ರಲ್ಲಿ ಮೈಸೂರಿನವರೇ ಆದ ಗಿರೀಶ್ ಕೌಶಿಕ್, ೨೦೨೨ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಗ್ರಾಂಡ್‌ಮಾಸ್ಟರ್ ಆದರು. ಪ್ರಣವ್‌ನು ಭಾರತದ ೭೬ನೆಯವನು. ಅದೇ ಸಮಯದಲ್ಲಿ ರುಮೇನಿಯದಲ್ಲಿ ನಡೆದ ಹದಿನಾರು ವರ್ಷದೊಳಗಿನವರ ವಿಶ್ವಪಟ್ಟವನ್ನೂ ಗೆದ್ದನು. ಮೊದಲನೆಯವರಿಗೆ ಇಪ್ಪತ್ತೊಂಬತ್ತು ವರ್ಷ ಕಾದ ನಾಡಿಗೆ ಮುಂದಿನ ಮೂವರು ಐದೇ ವರ್ಷಗಳಲ್ಲಿ ದೊರೆತರು. ಇಡೀ ಭಾರತದಲ್ಲಿಯೂ ಹೀಗೆಯೇ ಆಯಿತು: ೧೯೮೮ರಲ್ಲಿ ಒಬ್ಬರು, ೨೦೦೦ದ ಹೊತ್ತಿಗೆ 'ಐವರು' ಎನ್ನುವಷ್ಟು, ೨೦೨೫ರ ಜುಲೈ ತಿಂಗಳಲ್ಲಿ ಮಹಿಳೆಯರ ವಿಶ್ವಕಪ್ಪನ್ನು ಗೆದ್ದ ದಿವ್ಯಾ ದೇಶ್‌ಮುಖ್ ೮೮ನೆಯವರು. ೨೦೨೪ರ ಡಿಸೆಂಬರ್ ೧೨ರಂದು ಸಿಂಗಪುರದಲ್ಲಿ ಹದಿನೆಂಟು ವರ್ಷದ ಡಿ. ಗುಕೇಶನು ಚೀನದ ಡಿಂಗ್ ಲಿರೆನ್‌ನನ್ನು ಸೋಲಿಸಿ ವಿಶ್ವವಿಜೇತನಾದನು. ಅವನಿಗೆ ಮಾರ್ಗದರ್ಶನವಿತ್ತವರಲ್ಲಿ ಆನಂದರೂ ಒಬ್ಬರು. ಚೆನ್ನೈನ ಒಂದು ಸಂಘದಲ್ಲಿ ಹತ್ತಿದ ದೀಪದಿಂದ ಎಷ್ಟೊಂದು ದೀಪಗಳು!

ನಮ್ಮ ಮೂರನೆಯ ಕಾರಣವು ಈಗ ದೊರೆತಂತಾಯಿತು. ಅದು ಸಹವಾಸ. ಪ್ರತಿಭೆಯು ಬೀಜ, ಅಭ್ಯಾಸವು ನೀರು, ಸರಿಸಮಾನರ ಸಹವಾಸವು ಮಣ್ಣು. ಮೂರರಲ್ಲಿ ಒಂದಿಲ್ಲದಿದ್ದರೂ ಬೆಳೆಯಿಲ್ಲ.

ಸೂಪಾದ ವಿದ್ಯಾರ್ಥಿಗೆ ಇದರಿಂದೇನು?

ಜೋಯಿಡಾದ ಅಥವಾ ದಾಂಡೇಲಿಯ ವಿದ್ಯಾರ್ಥಿಯೊಬ್ಬನು, "ನಮ್ಮ ಊರಿನಲ್ಲಿ ಗ್ರಾಂಡ್‌ಮಾಸ್ಟರ್ ಎಲ್ಲಿ? ಪಂದ್ಯಾವಳಿಯೆಲ್ಲಿ? ಇದೆಲ್ಲ ನಗರದವರ ಮಾತು" ಎಂದು ಹೇಳಬಹುದು. ಆ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ನಾರ್ಮ್‌ಗಾಗಿ ದೂರದ ಊರುಗಳಿಗೆ ಹೋಗಲೇಬೇಕು. ಅದಕ್ಕೆ ಹಣವೂ ಬಿಡುವೂ ಮನೆಯವರ ಸಮ್ಮತಿಯೂ ಬೇಕು. ಶಾಲೆಯ ಪರೀಕ್ಷೆಯೂ ಪಂದ್ಯಾವಳಿಯೂ ಒಂದೇ ವಾರದಲ್ಲಿ ಬಂದಾಗ ಯಾವುದನ್ನು ಬಿಡಬೇಕೆಂಬ ಇಕ್ಕಟ್ಟು ಆಟಗಾರರ ಮನೆಗಳಲ್ಲಿ ಸಾಮಾನ್ಯವಾದುದು. ಆಟವನ್ನೇ ನಂಬಿ ಓದನ್ನು ಬಿಟ್ಟವರಲ್ಲಿ ಶಿಖರವನ್ನು ಮುಟ್ಟಿದವರ ಹೆಸರು ಮಾತ್ರ ನಮಗೆ ತಿಳಿಯುತ್ತದೆ. ನಡುದಾರಿಯಲ್ಲಿ ಉಳಿದವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಆನಂದರು ಪದವಿಯನ್ನು ಮುಗಿಸಿದರೆಂಬುದನ್ನೂ ತೇಜ್‌ಕುಮಾರರು ಉದ್ಯೋಗದಲ್ಲಿದ್ದುಕೊಂಡೇ ಆಡಿದರೆಂಬುದನ್ನೂ ಇಲ್ಲಿ ನೆನೆಯುವುದು ಒಳ್ಳೆಯದು.

ಆದರೆ ಕಾಲವು ಒಂದು ವಿಷಯದಲ್ಲಿ ಬದಲಾಗಿದೆ. ಹಿಂದೆ ಸೋವಿಯತ್ ಪುಸ್ತಕವಿರುವ ಸಂಘವನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ೧೯೯೭ರಲ್ಲಿ 'ಡೀಪ್ ಬ್ಲೂ' ಎಂಬ ಗಣಕಯಂತ್ರವು ಕಾಸ್ಪರೋವ್‌ನನ್ನು ಸೋಲಿಸಿದಾಗ ಜಗತ್ತು ಬೆರಗಾಯಿತು. ಅದಕ್ಕಿಂತ ಬಲವಾಗಿ ಆಡುವ ಯಂತ್ರವು ಇಂದು ಅಂಗಿಯ ಜೇಬಿನ ಫೋನಿನಲ್ಲಿದೆ. ಅದು ತಪ್ಪನ್ನು ತೋರಿಸುತ್ತದೆ, ದೂರದ ದೇಶದ ಎದುರಾಳಿಯನ್ನು ಒದಗಿಸುತ್ತದೆ. ಆದರೆ ನಿಮ್ಮ ಬದಲಾಗಿ ಅದು ಯೋಚಿಸತೊಡಗಿದರೆ ಜಲಾಶಯವು ತುಂಬುವುದಿಲ್ಲ. ಮೊದಲು ನೀವೇ ಯೋಚಿಸಿ, ಅನಂತರ ಯಂತ್ರವನ್ನು ಕೇಳಿರಿ.

ಆರಂಭಿಸಲು ಬೇಕಾದುದು ಅಲ್ಪ: ಒಂದು ಹಲಗೆ, ಮೂವತ್ತೆರಡು ಕಾಯಿಗಳು, ಒಂದು ನೋಟುಪುಸ್ತಕ, ಮತ್ತು ಒಬ್ಬ ಗೆಳೆಯ ಅಥವಾ ಗೆಳತಿ. ಆಡಿದ ಪ್ರತಿಯೊಂದು ಆಟದ ನಡೆಗಳನ್ನೂ ಬರೆದಿಡಿರಿ. ಸೋತ ಆಟವನ್ನು ಇಬ್ಬರೂ ಕೂಡಿ ಮತ್ತೆ ಆಡಿ, ಎಲ್ಲಿ ಎಡವಿದಿರೆಂಬುದನ್ನು ಕಂಡುಕೊಳ್ಳಿರಿ. ವಾರಕ್ಕೆ ಒಂದು ಸಂಜೆ ಶಾಲೆಯ ಕೊಠಡಿಯೊಂದರಲ್ಲಿ ಹತ್ತು ಮಂದಿ ಸೇರಿದರೆ ಅದೇ ಒಂದು ಸಂಘ. ಆ ಹತ್ತು ಮಂದಿಯಲ್ಲಿ ಯಾರೂ ಗ್ರಾಂಡ್‌ಮಾಸ್ಟರ್ ಆಗದಿರಬಹುದು. ಆದರೆ ಅವರಿಗಿಂತ ಹತ್ತು ವರ್ಷ ಕಿರಿಯಳಾದ ಹುಡುಗಿಯೊಬ್ಬಳು ಆ ಕೊಠಡಿಗೆ ಬಂದಾಗ ಅವಳಿಗೆ ಎದುರಾಳಿಗಳಿರುತ್ತಾರೆ, ಹಳೆಯ ಆಟಗಳ ನೋಟುಪುಸ್ತಕಗಳಿರುತ್ತವೆ, ತಪ್ಪನ್ನು ತೋರಿಸಿಕೊಡುವ ಹಿರಿಯರಿರುತ್ತಾರೆ. ಮೊದಲನೆಯವರು ಪಟ್ಟ ಕಷ್ಟವು ಅವಳಿಗೆ ಅಷ್ಟರಮಟ್ಟಿಗೆ ಕಡಿಮೆಯಾಗುವುದು.